ಅವಳಿಗೆ ತಿಳಿದಿತ್ತೇ? ಅದನ್ನು ಎಣಿಸಿ

ಗರ್ಭಿಣಿಯರಿಗೆಲ್ಲ ಆನುವಂಶಿಕ ರಕ್ತರೋಗವಾದ ಥಲಸ್ಸೇಮಿಯಾದ ವಾಹಕ ಪರೀಕ್ಷೆ ಕಡ್ಡಾಯವಾಗಲಿ ಎಂಬ ಒತ್ತಾಯ ದೇಶದಲ್ಲಿ ಆಗಾಗ ಕೇಳಿಬರುತ್ತಿದೆ. ಪರೀಕ್ಷೆ ಬೇಕು, ಕಡ್ಡಾಯ ಬೇಡ. ನಮ್ಮ ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಯ ಆಸ್ಪತ್ರೆಗಳಲ್ಲಿ ಎಷ್ಟು ಜನರ ರಕ್ತ ತೆಗೆದೆವು ಎಂಬ ಲೆಕ್ಕವೊಂದೇ ಸಾಲದು. ಎಷ್ಟು ಹೆಣ್ಣುಮಕ್ಕಳು ವಿಷಯ ತಿಳಿದು ತೀರ್ಮಾನಕ್ಕೆ ಬಂದರು ಎಂಬುದೂ ಲೆಕ್ಕಕ್ಕೆ ಬರಬೇಕು.

ಪರೀಕ್ಷೆ ಯಾಕೆ ಬೇಕೆಂಬುದರಲ್ಲಿ ಗೊಂದಲವಿಲ್ಲ. ಗಂಡ ಹೆಂಡತಿ ಇಬ್ಬರೂ ವಾಹಕರಾಗಿದ್ದರೆ ಪ್ರತಿ ಬಸಿರಿನಲ್ಲೂ ಮಗುವಿಗೆ ತೀವ್ರ ಥಲಸ್ಸೇಮಿಯಾ ಬರುವ ಸಾಧ್ಯತೆ ಶೇ 25. ಅಂಥ ಮಗುವಿಗೆ ಎರಡರಿಂದ ನಾಲ್ಕು ವಾರಕ್ಕೊಮ್ಮೆ, ಬದುಕಿರುವಷ್ಟು ಕಾಲ, ರಕ್ತ ಕೊಡಿಸುತ್ತಿರಬೇಕು. ನಮ್ಮ ಕಡೆ ಸೋದರಮಾವನಿಗೆ, ಅತ್ತೆಯ ಮಗನಿಗೆ ಹೆಣ್ಣು ಕೊಡುವ ವಾಡಿಕೆ ಹಳೆಯದು. 1980ರ ದಶಕದಲ್ಲಿ ಬೆಂಗಳೂರು, ಮೈಸೂರುಗಳಲ್ಲಿ ನವಜಾತ ಶಿಶುಗಳ ತಪಾಸಣೆ ನಡೆದಾಗ ಸುಮಾರು ಮೂರನೇ ಒಂದು ಭಾಗದ ದಂಪತಿಗಳು ರಕ್ತಸಂಬಂಧಿಗಳೆಂದು ಕಂಡುಬಂದಿತ್ತು. ಹತ್ತಿರದ ನಂಟಿನಲ್ಲಿ ಒಂದೇ ದೋಷ ಇಬ್ಬರಲ್ಲೂ ಇರುವ ಸಂಭವ ಹೆಚ್ಚು.

ಆದರೆ ದೋಷದ ಒಂದು ಪ್ರತಿಯನ್ನಷ್ಟೇ ಹೊತ್ತ ವಾಹಕಿ ರೋಗಿಯಲ್ಲ. ಈ ಮಾತನ್ನು ಮನೆಯವರಿಗೆ ಮನದಟ್ಟು ಮಾಡದೆ ವರದಿ ಕೈಗಿತ್ತರೆ 'ಇವಳ ರಕ್ತವೇ ಸರಿಯಿಲ್ಲ' ಎಂಬ ಅಪವಾದ ಸೊಸೆಗೆ ಅಂಟುತ್ತದೆ. ಕಾಯಿ ಸುಲಿಯುವ ಗಂಡ ಒಂದು ದಿನದ ಕೂಲಿ ಬಿಟ್ಟು ರಕ್ತ ಕೊಡಲು ಬಾರದಿದ್ದರೆ ಅಪಾಯ ಎಷ್ಟೆಂಬುದು ಗೊತ್ತಾಗುವುದೇ ಇಲ್ಲ; ಅಪವಾದವಂತೂ ಉಳಿಯುತ್ತದೆ. ಗ್ರೀಸಿನ ಆರ್ಕೊಮೆನೋಸ್‌ನಲ್ಲಿ, ಥಲಸ್ಸೇಮಿಯಾದಂತೆಯೇ ಆನುವಂಶಿಕ ರಕ್ತರೋಗವಾದ ಸಿಕಲ್ ಸೆಲ್‌ನ ವಾಹಕರನ್ನು ಗುರುತಿಸಿದ ಮೇಲೆ ಆದದ್ದೂ ಇದೇ: ಆರೋಗ್ಯವಂತ ವಾಹಕರಿಗೆ ಕಳಂಕ ಹತ್ತಿತು, ಕೆಲವರು ವರದಿ ಮುಚ್ಚಿಟ್ಟರು. 1970ರ ದಶಕದಿಂದಲೇ ಜಗತ್ತಿಗೆ ಗೊತ್ತಿರುವ ಪಾಠವಿದು. ಆದರೂ 2023ರ ಜುಲೈ 1ರಂದು ಶುರುವಾದ ನಮ್ಮ ರಾಷ್ಟ್ರೀಯ ಸಿಕಲ್ ಸೆಲ್ ಅಭಿಯಾನ ಮೊದಲು ಸಾರಿದ್ದು 7 ಕೋಟಿ ಜನರ ತಪಾಸಣೆಯ ಗುರಿಯನ್ನು.

ತಿಳಿವಳಿಕೆಯನ್ನು ಅಳೆಯುವುದು ಹೇಗೆ ಎಂದು ಕೇಳುವವರಿಗೆ ಉತ್ತರವಿದೆ. ಬ್ರಿಟನ್ನಿನ ಥೆರೆಸಾ ಮಾರ್ಟೋ ಮತ್ತು ಸಂಗಡಿಗರು 2001ರಲ್ಲೇ ಒಂದು ಅಳತೆಗೋಲು ರೂಪಿಸಿದರು. ಮಹಿಳೆಗೆ ವಿಷಯ ಗೊತ್ತಿದೆಯೇ, ಪರೀಕ್ಷೆಯ ಬಗ್ಗೆ ಅವಳ ಮನಸ್ಸು ಏನು, ಅವಳು ಮಾಡಿದ್ದು ಆ ಮನಸ್ಸಿಗೆ ಹೊಂದುತ್ತದೆಯೇ? ಈ ಮೂರೂ ಕೂಡಿಬಂದರೆ ಮಾತ್ರ ಅದು ತಿಳಿದು ಮಾಡಿದ ಆಯ್ಕೆ. ಈ ಲೆಕ್ಕದಲ್ಲಿ, ಎಲ್ಲ ತಿಳಿದು 'ನನಗೆ ಬೇಡ' ಎಂದವಳು ವ್ಯವಸ್ಥೆಯ ಗೆಲುವು. ಏನೂ ತಿಳಿಯದೆ ಅತ್ತೆ ಹೇಳಿದರೆಂದು ತೋಳು ಚಾಚಿದವಳು ವ್ಯವಸ್ಥೆಯ ಸೋಲು.

ಕಾನೂನೂ ಈ ಕಡೆಗೇ ಇದೆ. ಭ್ರೂಣದ ತಪಾಸಣೆಗೆ ಮುನ್ನ ಗರ್ಭಿಣಿಗೆ ಅಡ್ಡಪರಿಣಾಮಗಳನ್ನು ವಿವರಿಸಿ, ಅವಳಿಗೆ ಅರ್ಥವಾಗುವ ಭಾಷೆಯಲ್ಲಿ ಲಿಖಿತ ಒಪ್ಪಿಗೆ ಪಡೆದು, ಪ್ರತಿ ಕೊಡಬೇಕೆಂದು 1994ರ ಪ್ರಸವಪೂರ್ವ ರೋಗಪತ್ತೆ ಕಾಯ್ದೆ ಹೇಳುತ್ತದೆ. ಸಮೀರಾ ಕೊಹ್ಲಿ ಪ್ರಕರಣದಲ್ಲಿ 2008ರಲ್ಲಿ ಸುಪ್ರೀಂ ಕೋರ್ಟ್, ವಯಸ್ಕ ಮಗಳ ಶಸ್ತ್ರಚಿಕಿತ್ಸೆಗೆ ತಾಯಿ ಕೊಟ್ಟ ಒಪ್ಪಿಗೆಯನ್ನೂ ಮಾನ್ಯ ಮಾಡಲಿಲ್ಲ. ಹೀಗಿರುವಾಗ ವಾಹಕ ಪರೀಕ್ಷೆಗೆ ಅತ್ತೆಯ ತಲೆಯಾಟವೇ ಸಾಕು ಎನ್ನಲು ಯಾರಿಗೂ ಅಧಿಕಾರವಿಲ್ಲ.

ಹಳ್ಳಿಯ ಹೆಂಗಸರಿಗೆ ಜೀನು ಅರ್ಥವಾಗದು ಎಂಬ ವಾದವನ್ನು ನಾನು ಒಪ್ಪುವುದಿಲ್ಲ. ಕೊಬ್ಬರಿ ಧಾರಣೆಯ ಏರಿಳಿತ ನೋಡಿ ಮನೆ ನಡೆಸುವವರಿಗೆ ನಾಲ್ಕರಲ್ಲಿ ಒಂದು ಎಂಬ ಲೆಕ್ಕ ತಿಳಿಯದೇ? ಆಶಾ ಕಾರ್ಯಕರ್ತೆಯರಿಗೆ ಈಗಲೇ ಹೊರೆ ಹೆಚ್ಚು ಎಂಬ ಆಕ್ಷೇಪ ಮಾತ್ರ ನಿಜ. ಹಾಗೆಂದೇ ಈ ಕೆಲಸವನ್ನು ಅವರ ತಲೆಗೆ ಕಟ್ಟದೆ, ತಾಲ್ಲೂಕಿಗೊಬ್ಬ ತರಬೇತಾದ ಆಪ್ತಸಮಾಲೋಚಕಿಯನ್ನು ಸಂಬಳ ಕೊಟ್ಟು ನೇಮಿಸಬೇಕು.

ಬಸಿರಿನ ಮೊದಲ ಮೂರು ತಿಂಗಳೊಳಗೆ ಗಂಡ ಹೆಂಡತಿ ಇಬ್ಬರಿಗೂ ಒಟ್ಟಿಗೆ ಪರೀಕ್ಷೆಯ ಅವಕಾಶ ಕೊಡಿ. ಗಂಡನ ಆ ದಿನದ ಕೂಲಿ ತುಂಬಿಕೊಡಿ. ರಕ್ತ ತೆಗೆಯುವ ಮುನ್ನ ಮಹಿಳೆಯೊಬ್ಬಳನ್ನೇ ಕೂರಿಸಿ ಕೇಳಿ: ವಾಹಕಿ ಎಂದರೆ ರೋಗಿಯೇ? ಗಂಡನ ಪರೀಕ್ಷೆ ಯಾಕೆ ಬೇಕು? ಇಬ್ಬರೂ ವಾಹಕರಾದರೆ ಮುಂದಿನ ದಾರಿಗಳೇನು? ಬೇಡ ಎನ್ನಬಹುದೆಂದು ನಿನಗೆ ಗೊತ್ತೇ? ಉತ್ತರಗಳನ್ನು ಹೆಸರಿಲ್ಲದೆ ಒಟ್ಟುಗೂಡಿಸಿ, ಪರೀಕ್ಷೆಗಳ ಸಂಖ್ಯೆಯ ಪಕ್ಕದಲ್ಲೇ ಪ್ರತಿ ತಿಂಗಳು ಪ್ರಕಟಿಸಿ. ತಿಳಿದು ತೀರ್ಮಾನಿಸಿದವರ ಅಂಕಿ ಕಡಿಮೆ ಬಂದ ತಾಲ್ಲೂಕಿನಲ್ಲಿ ಜವಾಬು ಕೊಡಬೇಕಾದವರು ಆರೋಗ್ಯಾಧಿಕಾರಿಗಳು, ಗರ್ಭಿಣಿಯರಲ್ಲ.