ಮದ್ಯದಂಗಡಿಗೆ ಫಲಕವಿದೆ, ಮರಳುವ ದಾರಿಗೆ?

ಕಲಬುರಗಿ ನಗರದ ಅಂಚಿನಲ್ಲಿರುವ ಕುಸನೂರಿನ ವ್ಯಕ್ತಿಯೊಬ್ಬನಿಗೆ ಮದ್ಯ ಬೇಕಾದರೆ ಆತ ಯಾರನ್ನೂ ವಿಚಾರಿಸಬೇಕಾಗಿಲ್ಲ. ಅಂಗಡಿಯ ಫಲಕವೇ ದಾರಿ ತೋರಿಸುತ್ತದೆ. ಅದೇ ವ್ಯಕ್ತಿ ಕುಡಿತದಿಂದ ಬಿಡುಗಡೆ ಬಯಸಿ, ತನ್ನಂತೆಯೇ ಹೆಣಗುತ್ತಿರುವವರು ಸೇರುವ ಸಭೆ ಎಲ್ಲಿದೆಯೆಂದು ತಿಳಿಯಬಯಸಿದರೆ ಯಾರನ್ನು ಕೇಳಬೇಕು? ಆತ ಮುಸ್ಲಿಮನಾಗಿದ್ದರೆ ಕೇಳುವುದೇ ಕಷ್ಟ. ಏಕೆಂದರೆ ಕೇಳಿದರೆ ಒಪ್ಪಿಕೊಂಡಂತೆ. ಒಪ್ಪಿಕೊಂಡರೆ ಮಗಳ ಸಂಬಂಧ ತಪ್ಪಬಹುದು, ಮೊಹಲ್ಲಾದಲ್ಲಿ ತಲೆಯೆತ್ತಿ ನಡೆಯಲಾಗದು ಎಂಬ ಭಯ.

ಈ ವಿಷಯದಲ್ಲಿ ಸರಕಾರದ ಪಾತ್ರವೇನು? 2007ರ ಜುಲೈ 1ರಿಂದ ರಾಜ್ಯದಲ್ಲಿ ಸಾರಾಯಿ ನಿಷೇಧವಾಯಿತು. ಸಾರಾಯಿ ಹೋಯಿತು, ಕುಡಿತ ಹೋಗಲಿಲ್ಲ. 2019ರ ಜನವರಿಯಲ್ಲಿ ಮದ್ಯನಿಷೇಧಕ್ಕೆ ಆಗ್ರಹಿಸಿ ಸಾವಿರಾರು ಗ್ರಾಮೀಣ ಮಹಿಳೆಯರು ಚಿತ್ರದುರ್ಗದಿಂದ ಬೆಂಗಳೂರಿಗೆ ಕಾಲ್ನಡಿಗೆಯಲ್ಲಿ ಬಂದರು. ಆದರೆ 2025ರ ಮಾರ್ಚ್‌ನಲ್ಲಿ ಮಂಡನೆಯಾದ ಬಜೆಟ್ ಅಬಕಾರಿ ಇಲಾಖೆಗೆ ನಿಗದಿಪಡಿಸಿದ ಆದಾಯದ ಗುರಿ 40,000 ಕೋಟಿ ರೂಪಾಯಿ! ಮಾರುವುದಕ್ಕೆ ಇಷ್ಟು ಉತ್ಸಾಹವಿರುವಲ್ಲಿ ಚಿಕಿತ್ಸೆಯ ಸ್ಥಿತಿಯೇನು? ಕೇಂದ್ರ ಸರಕಾರವೇ 2019ರಲ್ಲಿ ಪ್ರಕಟಿಸಿದ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ, ಮದ್ಯವ್ಯಸನಿಗಳಾದ 38 ಮಂದಿಯಲ್ಲಿ ಯಾವುದಾದರೊಂದು ಚಿಕಿತ್ಸೆ ದೊರೆತದ್ದು ಒಬ್ಬರಿಗೆ ಮಾತ್ರ.

ಆದರೆ ಸರಕಾರವನ್ನು ದೂಷಿಸಿ ನಾವು ಕೈತೊಳೆದುಕೊಳ್ಳುವಂತಿಲ್ಲ. ಮದ್ಯ ಹರಾಮ್ ಎಂಬುದರಲ್ಲಿ ಎರಡು ಮಾತಿಲ್ಲ. ಆದ್ದರಿಂದ ನಮ್ಮಲ್ಲಿ ಕುಡಿಯುವವರೇ ಇಲ್ಲವೆಂದು ನಟಿಸುವುದು ಮಾತ್ರ ಆತ್ಮವಂಚನೆ. ಪವಿತ್ರ ಕುರ್‌ಆನ್ ಮದ್ಯವನ್ನು ಒಂದೇ ದಿನದಲ್ಲಿ ನಿಷೇಧಿಸಲಿಲ್ಲ. ಮೊದಲು ಅದರ ಕೆಡುಕನ್ನು ತಿಳಿಸಿತು, ಆ ಬಳಿಕ ಅಮಲಿನಲ್ಲಿ ನಮಾಝ್‌ನ ಬಳಿ ಸುಳಿಯದಂತೆ ತಡೆಯಿತು, ಕೊನೆಗೆ ಸಂಪೂರ್ಣವಾಗಿ ನಿಷೇಧಿಸಿತು. ಮದ್ಯಪಾನಕ್ಕಾಗಿ ಮತ್ತೆ ಮತ್ತೆ ಶಿಕ್ಷೆಗೊಳಗಾದ ವ್ಯಕ್ತಿಯೊಬ್ಬನನ್ನು ನೆರೆದವರಲ್ಲೊಬ್ಬರು ಶಪಿಸಿದಾಗ ಪ್ರವಾದಿವರ್ಯರು(ಸ) ಅದನ್ನು ತಡೆದರು. ಆತ ಅಲ್ಲಾಹನನ್ನೂ ಅವನ ರಸೂಲರನ್ನೂ ಪ್ರೀತಿಸುವವನೆಂದು ಸಾಕ್ಷ್ಯ ನುಡಿದರು. ಸಹೀಹ್ ಬುಖಾರಿಯಲ್ಲಿರುವ ಈ ಘಟನೆ ನಮ್ಮ ಮೊಹಲ್ಲಾಗಳಿಗೆ ಪಾಠವಾಗಬೇಡವೇ?

ಪರಸ್ಪರ ನೆರವಿನ ಸಭೆಗಳ ಬಗ್ಗೆ ನಮ್ಮಲ್ಲಿ ತಿಳಿವಳಿಕೆ ಕಡಿಮೆ. 1935ರಲ್ಲಿ ಅಮೆರಿಕದ ಅಕ್ರಾನ್ ನಗರದಲ್ಲಿ ಇಬ್ಬರು ವ್ಯಸನಿಗಳ ಭೇಟಿಯಿಂದ ಹುಟ್ಟಿದ ಆಲ್ಕೊಹಾಲಿಕ್ಸ್ ಅನಾನಿಮಸ್ ಎಂಬ ಕೂಟ ಇಂದು ಭಾರತದಲ್ಲೂ ಇದೆ. ಅಲ್ಲಿ ಶುಲ್ಕವಿಲ್ಲ, ಉಪದೇಶಕರಿಲ್ಲ. ಕುಡಿತ ಬಿಡಬೇಕೆಂಬ ಬಯಕೆಯೊಂದೇ ಅರ್ಹತೆ. ಹೆಸರು ಹೊರಹೋಗದಂತೆ ಕಾಪಾಡುವುದು ಅದರ ನಿಯಮ. ಮಾನಕ್ಕಂಜುವ ನಮ್ಮ ಕುಟುಂಬಗಳಿಗೆ ಇದಕ್ಕಿಂತ ಬೇರೇನು ಬೇಕು? ಮಡದಿ, ಮಕ್ಕಳು, ಹೆತ್ತವರಿಗಾಗಿ ಅಲ್-ಅನಾನ್ ಎಂಬ ಪ್ರತ್ಯೇಕ ಕೂಟವಿದೆ. 10,000ಕ್ಕೂ ಹೆಚ್ಚು ಮಂದಿಯ ಮೇಲೆ ನಡೆದ 27 ಅಧ್ಯಯನಗಳನ್ನು 2020ರಲ್ಲಿ ಪರಿಶೀಲಿಸಿದ ಕಾಕ್ರೇನ್ ವರದಿಯು, ಮದ್ಯದಿಂದ ಸಂಪೂರ್ಣ ದೂರ ಉಳಿಯುವಲ್ಲಿ ಈ ಮಾರ್ಗವು ಇತರ ಪ್ರಚಲಿತ ಚಿಕಿತ್ಸಾಕ್ರಮಗಳಿಗಿಂತ ಹೆಚ್ಚು ಫಲಕಾರಿಯೆಂದು ಹೇಳಿದೆ.

ಇದು ಕ್ರೈಸ್ತರ ಸಭೆಯಲ್ಲವೇ ಎಂದು ಕೆಲವರು ಶಂಕಿಸಬಹುದು. ಅದರ ಮೂಲದಲ್ಲಿ ಕ್ರೈಸ್ತ ಪ್ರಭಾವವಿದ್ದುದು ನಿಜ. ಆದರೆ ಅದು ಯಾವ ಧರ್ಮಕ್ಕೂ ಸೇರಿದ ಸಂಸ್ಥೆಯಲ್ಲ. ದೇವನನ್ನು ತಾನು ಅರಿತಂತೆ ಭಾವಿಸುವ ಸ್ವಾತಂತ್ರ್ಯ ಪ್ರತಿಯೊಬ್ಬ ಸದಸ್ಯನಿಗೂ ಇದೆ. 1989ರಲ್ಲಿ ಅಮೆರಿಕದ ಬಾಲ್ಟಿಮೋರ್‌ನ ಮುಸ್ಲಿಮರು ಅದೇ 12 ಹೆಜ್ಜೆಗಳನ್ನು ಇಸ್ಲಾಮೀ ಚೌಕಟ್ಟಿಗೆ ಅಳವಡಿಸಿ ಮಿಲ್ಲತಿ ಇಸ್ಲಾಮಿ ಎಂಬ ಕೂಟವನ್ನು ಕಟ್ಟಿದರು. ಅವರಿಗೆ ಸಾಧ್ಯವಾದುದು ಸೂಫಿಗಳ ನಾಡಾದ ಕಲಬುರಗಿಯಲ್ಲಿ ಅಸಾಧ್ಯವೇ?

ದಾರಿ ಹುಡುಕುವವರು ಮೊದಲು ವೈದ್ಯರನ್ನು ಕಾಣಬೇಕು. ಅತಿಯಾಗಿ ಕುಡಿಯುವವರು ಹಠಾತ್ತನೆ ನಿಲ್ಲಿಸಿದರೆ ನಡುಕ, ಫಿಟ್ಸ್, ಭ್ರಮೆ ಕಾಣಿಸಿಕೊಂಡು ಪ್ರಾಣಾಪಾಯವೂ ಉಂಟಾಗಬಹುದು. ನಗರದ ಮೆಡಿಕಲ್ ಕಾಲೇಜು ಆಸ್ಪತ್ರೆಗಳ ಮನೋರೋಗ ವಿಭಾಗದಲ್ಲಿ ಚಿಕಿತ್ಸೆಯನ್ನೂ, ಹತ್ತಿರದ ಸಭೆಯ ಬಗ್ಗೆಯೂ ವಿಚಾರಿಸಬಹುದು. ವ್ಯಸನಮುಕ್ತಿಗೆ 14446, ಮಾನಸಿಕ ಆರೋಗ್ಯಕ್ಕೆ 14416 ಎಂಬ ಉಚಿತ ಸಹಾಯವಾಣಿಗಳಿವೆ. ಊಟದಲ್ಲಿ ಗುಟ್ಟಾಗಿ ಔಷಧ ಬೆರೆಸುವ ಸಾಹಸ ಬೇಡ. ಅಂಥ ಔಷಧ ಹೊಟ್ಟೆಯಲ್ಲಿರುವಾಗ ಕುಡಿದರೆ ಜೀವಕ್ಕೇ ಕುತ್ತು ಬರಬಹುದು. ಹತ್ತಿರದಲ್ಲಿ ಸಭೆಯಿಲ್ಲದಿದ್ದರೆ ನಿರಾಶರಾಗಬೇಕಾಗಿಲ್ಲ. ಬಿಡಬಯಸುವ ಇಬ್ಬರು ಮೂವರು ಒಟ್ಟಾಗಿ ಕುಳಿತರೂ ಅದು ಸಭೆಯೇ ಎಂಬುದು ಆ ಕೂಟದ ಸಂಪ್ರದಾಯ.

ಮಸೀದಿ ಕಮಿಟಿಗಳು ಇಲ್ಲಿ ಮಾಡಬಹುದಾದುದು ಬಹಳವಿದೆ. ಜುಮಾ ಖುತ್ಬಾದಲ್ಲಿ ಮದ್ಯದ ಕೆಡುಕಿನೊಂದಿಗೆ ಮರಳುವ ದಾರಿಯನ್ನೂ ತಿಳಿಸಲಿ. ಸಹಾಯವಾಣಿಯ ಸಂಖ್ಯೆಗಳನ್ನು ನಮಾಝ್ ವೇಳಾಪಟ್ಟಿಯ ಪಕ್ಕದಲ್ಲಿ ಬರೆಸಲಿ. ಮದ್ರಸದ ಕೋಣೆಯೊಂದನ್ನು ವಾರದಲ್ಲಿ ಒಂದು ಗಂಟೆ ಇಂಥ ಸಭೆಗೆ ಬಿಟ್ಟುಕೊಡಲಿ, ಯಾರು ಬಂದರು ಯಾರು ಹೋದರೆಂದು ಯಾರೂ ಇಣುಕಿ ನೋಡದಿರಲಿ. ತೌಬಾದ ಬಾಗಿಲನ್ನು ಅಲ್ಲಾಹನು ತೆರೆದಿಟ್ಟಿದ್ದಾನೆ. ಅದರ ಮುಂದೆ ಕಾವಲು ನಿಂತು ದಾಸರನ್ನು ಹಿಂದಕ್ಕಟ್ಟುವ ಅಧಿಕಾರವನ್ನು ನಮಗೆ ಕೊಟ್ಟವರು ಯಾರು?