ರೇಡಿಯೋ ಯಾರು ಕೇಳ್ತಾರೆ ಅನ್ನೋರಿಗೆ

"ಈಗಿನ ಕಾಲದಲ್ಲಿ ರೇಡಿಯೋ ಯಾರು ಕೇಳ್ತಾರೆ ಮಾರಾಯ್ತಿ, ಎಲ್ಲಾ ಮೊಬೈಲಲ್ಲೇ ಬರ್ತದಲ್ಲ" ಅನ್ನೋ ಮಾತು ಈಚೆಗೆ ಮದುವೆಮನೆ, ಉಪನಯನದ ಮನೆ ಎಲ್ಲಿ ಹೋದ್ರೂ ಕಿವಿಗೆ ಬೀಳ್ತದೆ. ಹೇಳೋರು ಹೆಚ್ಚಾಗಿ ಬೆಂಗಳೂರಿಂದ ಎರಡು ದಿನಕ್ಕೆ ಬಂದೋರು. ಅವರ ಮೇಲೆ ನಂಗೆ ಸಿಟ್ಟಿಲ್ಲ. ಆದ್ರೆ ಇದೇ ಮಾತನ್ನ ದೊಡ್ಡ ಕುರ್ಚಿಲಿ ಕೂತೋರೂ ಹೇಳೋಕೆ ಹೊರಟ್ರೆ ಸುಮ್ನಿರೋಕಾಗಲ್ಲ.

ಯಾರು ಕೇಳ್ತಾರೆ? ಎರಡು ಕೈಯಲ್ಲೂ ಕೆಲಸ ಇರೋರು ಕೇಳ್ತಾರೆ. ಅಡಿಕೆ ಸುಲಿಯುವಾಗ ಒಂದು ಕಣ್ಣು ಕತ್ತಿ ಮೇಲೇ ಇರ್ಬೇಕು, ಚೊಗರು ಹತ್ತಿದ ಕೈಯಲ್ಲಿ ಮೊಬೈಲ್ ಮುಟ್ಟಕ್ಕಾಗಲ್ಲ. ರೊಟ್ಟಿ ತಟ್ಟುವಾಗಲೂ ಅಷ್ಟೇ, ಹಾಲು ಕರೆಯುವಾಗಲೂ ಅಷ್ಟೇ. ಕಣ್ಣು ಕೇಳದೆ, ಕೈ ಕೇಳದೆ, ಬರೀ ಕಿವಿ ಕೇಳೋ ವಸ್ತು ಮನೇಲಿ ಇದೊಂದೇ ಇರೋದು. ಮೊಬೈಲಲ್ಲೂ ಆಕಾಶವಾಣಿ ಬರ್ತದೆ ಅಂತ ಮಕ್ಕಳು ಹೇಳ್ತಾರೆ. ಬರ್ತದೆ, ಟವರ್ ಇದ್ರೆ. ಆಷಾಢದಲ್ಲಿ ನಾಲ್ಕು ದಿನ ಕರೆಂಟಿಲ್ಲದೆ, ಟವರ್‌ಗೂ ಡೀಸೆಲ್ ಇಲ್ಲದೆ ಕೂತ ಮನೆಯೋರಿಗೆ ಹೇಳಿ ನೋಡಿ ಈ ಮಾತನ್ನ. ಎರಡು ಸೆಲ್ ಹಾಕಿದ ಡಬ್ಬಿಯೇ ಆವಾಗ ಹೊರಗಿನ ಸುದ್ದಿ ತರೋದು.

ನಾನು ಜಗಳ ಮಾಡ್ತಿರೋದು ಡಬ್ಬಿಗೋಸ್ಕರ ಅಲ್ಲ, ಅದರೊಳಗೆ ಬರೋ ಒಂದು ಇಡೀ ದಿನಕ್ಕೋಸ್ಕರ. ಭದ್ರಾವತಿ ನಿಲಯ ಶುರುವಾಗಿದ್ದು 1965ರಲ್ಲಿ. ನಾನು ಹುಟ್ಟೋ ಮೊದಲೇ ನಮ್ಮನೆ ರೇಡಿಯೋದ ಮುಳ್ಳು 675ರ ಹತ್ರ ನಿಂತು, ಅಲ್ಲೇ ಗಾಜಿನ ಮೇಲೆ ಗೆರೆ ಬಿದ್ದಿತ್ತು. ಬೆಳಿಗ್ಗೆ ಭಕ್ತಿಗೀತೆ, ಏಳಕ್ಕೆ ಐದು ನಿಮಿಷ ಇದೆ ಅನ್ನುವಾಗ ಸಂಸ್ಕೃತ ವಾರ್ತೆ, ಆಮೇಲೆ ಚಿಂತನ, ಕನ್ನಡ ವಾರ್ತೆ. ಮಧ್ಯಾಹ್ನ ಹೆಂಗಸರ ಕಾರ್ಯಕ್ರಮ, ಸಿನಿಮಾ ಹಾಡು. ಸಂಜೆ ಕೃಷಿರಂಗ. ರಾತ್ರಿ ಒಂದಿನ ನಾಟಕ, ಒಂದಿನ ಗಮಕ, ಒಂದಿನ ಕಚೇರಿ. ನಡುವೆ ಆಟದ ಸುದ್ದಿ. ಇದರಲ್ಲಿ ಅರ್ಧದಷ್ಟನ್ನ ನಾನು ಕೇಳ್ಬೇಕು ಅಂತ ಕೇಳಿದ್ದೇ ಅಲ್ಲ. ಸಾರಿಗೆ ಒಗ್ಗರಣೆ ಹಾಕ್ತಾ ಇದ್ದೆ, ಅದು ಬಂತು, ಕಿವಿ ನಿಂತಿತು.

ಮೊಬೈಲು ಹಂಗಲ್ಲ. ನಿನ್ನೆ ಏನು ಕೇಳಿದ್ನೋ ಅದನ್ನೇ ಬಿಸಿ ಮಾಡಿ ಮತ್ತೆ ಬಡಿಸ್ತದೆ. ಒಂದು ದೇವರ ಹಾಡು ಕೇಳಿದ್ರೆ ತಿಂಗಳಿಡೀ ದೇವರ ಹಾಡು, ಒಂದು ಹಾಸ್ಯ ನೋಡಿದ್ರೆ ಅದೇ ಕೋಡಂಗಿತನ. ನಾನಾಗಿ ಗಮಕವನ್ನ ಹುಡುಕಿ ಕೇಳ್ತಿದ್ನಾ? ಖಂಡಿತ ಇಲ್ಲ, ಅಂಥದೊಂದು ಇದೆ ಅಂತಲೇ ಗೊತ್ತಿರ್ತಿರ್ಲಿಲ್ಲ. ಶಿವಮೊಗ್ಗ ಹತ್ರದ ಹೊಸಹಳ್ಳಿಯ ಗಮಕಿ ಕೇಶವಮೂರ್ತಿಗಳಿಗೆ 2022ರಲ್ಲಿ ಪದ್ಮಶ್ರೀ ಬಂದಾಗ ನಮ್ಮಲ್ಲಿ ಎಷ್ಟೋ ಜನ ಹೆಂಗಸರಿಗೆ ಗಮಕ ಅಂದ್ರೆ ಎಂತದು ಅಂತ ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ. ಕುಮಾರವ್ಯಾಸನ್ನ ಪುಸ್ತಕದಲ್ಲಿ ಓದಿದೋರಲ್ಲ ನಾವು, ಪಾತ್ರೆ ತಿಕ್ಕುತ್ತಾ ಕೇಳಿದೋರು.

ನಾಟಕದ ವಿಷಯ ಇನ್ನೂ ದೊಡ್ಡದು. ನಮ್ಮ ಊರಲ್ಲಿ ದೀಪಾವಳಿಗೋ ಜಾತ್ರೆಗೋ ನಾಟಕ ಆಡಿದ್ರೆ ಸೀತೆಯೂ ಗಂಡಸು, ಮಂಡೋದರಿಯೂ ಗಂಡಸು. ಮನೆ ಹುಡುಗಿ ಸ್ಟೇಜ್ ಹತ್ತಿದ್ಲು ಅಂದ್ರೆ ಆರು ತಿಂಗಳು ಬಾಯಿಗೆ ಎಲೆಅಡಿಕೆ ಬೇಡ, ಅದೇ ಸಾಕು. ರೇಡಿಯೋದಲ್ಲಿ ಮಾತ್ರ ಹೆಂಗಸಿನ ಪಾತ್ರಕ್ಕೆ ಹೆಂಗಸಿನ ದನಿಯೇ. ಬೆಂಗಳೂರು ನಿಲಯದ ಯಮುನಾ ಮೂರ್ತಿಯವರ ದನಿ, ಎ.ಎಸ್. ಮೂರ್ತಿಯವರ 'ಈರಣ್ಣ', ಇವರ ಮುಖ ಹೆಂಗಿದೆ ಅಂತ ಗೊತ್ತಿಲ್ಲದೆಯೂ ಮನೆಯೋರಷ್ಟೇ ಸಲಿಗೆ. ಟಿವಿ ಧಾರಾವಾಹಿಲಿ ಅತ್ತೆ ಅಂದ್ರೆ ರೇಷ್ಮೆ ಸೀರೆ ಉಟ್ಟು ಮಲಗೋಳು, ಹೊಸಿಲು ದಾಟಿದ್ರೆ ಮೂರು ಸಲ ಮುಖ ತೋರಿಸಿ ಗುಡುಗಿಸ್ತಾರೆ. ರೇಡಿಯೋ ನಾಟಕದಲ್ಲಿ ಬಾಗಿಲು ಕಿರ್ ಅಂತು ಅಂದ್ರೆ ಅದು ನಮ್ಮನೆ ಬಾಗಿಲೇ. ಸೀರೆ, ಒಡವೆ ಎಂತದೂ ಕಾಣದಿದ್ದಾಗ ಮಾತು ಗಟ್ಟಿ ಇರ್ಲೇಬೇಕು, ಇಲ್ದಿದ್ರೆ ನಾಟಕ ನಿಲ್ಲಲ್ಲ.

ಆಟದ ವಿಷಯದಲ್ಲಿ ನನ್ನ ಜಗಳ ರೇಡಿಯೋದವರ ಮೇಲೇ. 1983ರ ವರ್ಲ್ಡ್ ಕಪ್ ಫೈನಲ್ ನಮ್ಮನೆಗೆ ಬಂದಿದ್ದು ರೇಡಿಯೋದಲ್ಲಿ, ಹಂಚಿನ ಮೇಲೆ ಮಳೆ ಹುಯ್ಯೋ ಸದ್ದಿನ ನಡುವೆ. ಜಗಲಿ ತುಂಬಾ ಜನ. ಸ್ವಲ್ಪ ಹೊತ್ತು ಇಂಗ್ಲಿಷು, ಸ್ವಲ್ಪ ಹೊತ್ತು ಹಿಂದಿ. ಅರ್ಥ ಆಗ್ತಿದ್ದದ್ದು ನಮ್ಮ ಮಾವ ಒಬ್ಬರಿಗೆ, ಅವರು ಹೇಳಿದಷ್ಟೇ ನಮಗೆ ಮ್ಯಾಚು. ಅಮ್ಮ, ದೊಡ್ಡಮ್ಮ ಕಾಫಿ ಮಾಡಿ ಕೊಡೋಕೆ ಮಾತ್ರ. ಮೈಸೂರು ದಸರಾ ಜಂಬೂಸವಾರಿಯನ್ನ ಆಕಾಶವಾಣಿಯೋರು ಕನ್ನಡದಲ್ಲಿ ಹೇಳುವಾಗ ಆನೆ ಹೆಜ್ಜೆ ಇಡೋದು ಕಾಣ್ತಿತ್ತು. ಅಷ್ಟು ಚೆಂದ ಹೇಳೋ ಬಾಯಿಗಳು ನಮ್ಮಲ್ಲಿ ಇರುವಾಗ ಆಟಕ್ಕೆ ಮಾತ್ರ ಕನ್ನಡ ಯಾಕೆ ಮೂಲೇಲಿ?

ಮತ್ತೆ, ಆಟ ಅಂದ್ರೆ ಕ್ರಿಕೆಟ್ ಒಂದೇನಾ? ನಮ್ಮ ಕೊಪ್ಪ, ಶೃಂಗೇರಿ, ಎನ್.ಆರ್. ಪುರ ಯಾವ ಊರಿಗೆ ಹೋದ್ರೂ ಮಳೆ ಬಿಟ್ಟಮೇಲೆ ಲೈಟ್ ಕಟ್ಟಿ ಕಬಡ್ಡಿ, ವಾಲಿಬಾಲ್. ಶಾಲೆ ಹೆಣ್ಣುಮಕ್ಕಳು ಆಡೋದು ಖೋ ಖೋ. 2025ರ ಜನವರಿಲಿ ದೆಹಲಿಯಲ್ಲಿ ಮೊದಲ ಖೋ ಖೋ ವಿಶ್ವಕಪ್ ಆಯ್ತು. ನಮ್ಮ ಹೆಣ್ಣುಮಕ್ಕಳು ಫೈನಲಲ್ಲಿ ನೇಪಾಳವನ್ನ 78-40ರಿಂದ ಸೋಲಿಸಿ ಗೆದ್ರು. ಆ ತಂಡದಲ್ಲಿ ಇದ್ದ ಬಿ. ಚೈತ್ರಾ ತಿ. ನರಸೀಪುರದ ಕಡೆ ಹಳ್ಳಿ ಹುಡುಗಿ. ಇಂಥ ಆಟವನ್ನ ಕನ್ನಡದಲ್ಲಿ ಉಸಿರು ಬಿಗಿ ಹಿಡಿದು ಹೇಳಿದ್ರೆ ಕೊಟ್ಟಿಗೇಲಿ ಸಗಣಿ ಎತ್ತೋಳೂ ಬುಟ್ಟಿ ಕೆಳಗಿಟ್ಟು ನಿಲ್ತಾಳೆ. ಕ್ರಿಕೆಟ್ ಬಂತು ಅಂತ ಅವತ್ತಿನ ನಾಟಕ ನುಂಗಿ ಹಾಕೋದು ಮಾತ್ರ ಯಾವ ನ್ಯಾಯ? ಆಟವೂ ಇರ್ಲಿ, ನಾಟಕವೂ ಇರ್ಲಿ, ಒಂದನ್ನ ಹಾಕೋಕೆ ಇನ್ನೊಂದರ ಕುತ್ತಿಗೆ ಹಿಚುಕಬೇಡಿ.

ಇನ್ನು ಕೆಲವರ ವಾದ, ಸಂಗೀತಕ್ಕೆ ಒಂದು ಚಾನೆಲ್, ಸುದ್ದಿಗೆ ಒಂದು, ಎಲ್ಲಾ ಬೇರೆ ಬೇರೆ ಮಾಡಿ, ಊರೂರಿಗೆ ನಿಲಯ ಯಾಕೆ, ಒಂದು ಕಡೆಯಿಂದ ಕಳಿಸಿದ್ರೆ ಸಾಕು ಅಂತ. ನಿಲಯ ಮುಚ್ತಾರಂತೆ ಅಂತ ಗುಲ್ಲೆದ್ದಾಗ 2021ರ ಜನವರಿಲಿ ಪ್ರಸಾರ ಭಾರತಿಯೋರು ಯಾವ ನಿಲಯವನ್ನೂ ಮುಚ್ಚಲ್ಲ ಅಂದ್ರು. ಸಂತೋಷ. ಆದ್ರೆ ಬೀಗ ಹಾಕೋದು ಒಂದೇ ಮುಚ್ಚೋದಾ? ಬಾಗಿಲು ತೆಗೆದಿಟ್ಟು, ಒಳಗೆ ಒಲೆ ಹಚ್ಚದೆ, ಊಟ ಮಾತ್ರ ಬೇರೆ ಮನೆಯಿಂದ ತರಿಸಿ ಬಡಿಸಿದ್ರೆ ಆ ಮನೆ ನಡೀತಾ ಇದೆ ಅಂತಾರಾ?

ನಮ್ಮ ಮೂರು ತಾಲ್ಲೂಕಿನ ತೋಟಕ್ಕೆ ಹಳದಿ ಎಲೆ ರೋಗ ಬಂದು ಎಷ್ಟು ಕಾಲ ಆಯ್ತು, ಈಗ ಮೇಲಿಂದ ಎಲೆಚುಕ್ಕಿ. ಕೊಳೆಗೆ ಬೋರ್ಡೋ ಹೊಡೀಬೇಕು ಅಂದ್ರೆ ನೂರು ಲೀಟರ್ ನೀರಿಗೆ ಒಂದು ಕೆಜಿ ಮೈಲುತುತ್ತ, ಒಂದು ಕೆಜಿ ಸುಣ್ಣ ಅಂತ ಎಲ್ಲಿಂದ ಹೇಳಿದ್ರೂ ಒಂದೇ. ಆದ್ರೆ ಮಳೆ ಯಾವತ್ತು ಬಿಡುವು ಕೊಟ್ಟೀತು, ಔಷಧಿ ಹೊಡೆಯೋಕೆ ಹೊಳವು ಸಿಕ್ಕೀತಾ ಅನ್ನೋದನ್ನ ಬಯಲುಸೀಮೇಲಿ ಕೂತು ಹೇಳೋಕೆ ಆಗ್ತದಾ? ಮತ್ತೆ ಎಲ್ಲಾ ಎಫ್‌ಎಂ ಮಾಡ್ತೀವಿ, ಸ್ವರ ಸ್ಪಷ್ಟ ಬರ್ತದೆ ಅಂತಾರೆ. ಎಫ್‌ಎಂ ಅಲೆ ನೆಟ್ಟಗೆ ಹೋಗ್ತದೆ, ಗುಡ್ಡ ಅಡ್ಡ ಬಂದ್ರೆ ಆಚೆ ಕಣಿವೆ ಮನೆಗೆ ಗೊರಗೊರ ಮಾತ್ರ. ಮೀಡಿಯಂ ವೇವ್ ನೆಲ ಹಿಡಿದು ಗುಡ್ಡ ಬಳಸಿ ಬರ್ತದೆ. ಮಲೆನಾಡಲ್ಲಿ ಇರೋದೇ ಗುಡ್ಡ, ಕಣಿವೆ. ನಕ್ಷೆ ನೋಡಿ ನಿರ್ಧಾರ ಮಾಡೋರು ಒಂದ್ಸಲ ಕಾಲ್ನಡಿಗೇಲಿ ಬಂದು ಹೋಗ್ಲಿ.

ಇದೆಲ್ಲ ನಾವು ಬೇಡೋ ಭಿಕ್ಷೆ ಅಲ್ಲ. 1990ರ ಪ್ರಸಾರ ಭಾರತಿ ಕಾಯ್ದೆಯ 12ನೇ ಕಲಮನ್ನ ಮಗ ತೆಗೆದು ಓದಿ ಹೇಳಿದ. ಬೇರೆ ಬೇರೆ ಪ್ರದೇಶದ ಭಾಷೆ-ಸಂಸ್ಕೃತಿಗೆ ಸಾಕಷ್ಟು ಜಾಗ ಕೊಡ್ಬೇಕು, ಆಟೋಟಕ್ಕೆ ಜಾಗ ಕೊಡ್ಬೇಕು, ಹೆಂಗಸರ ಸ್ಥಿತಿಗತಿ ಬಗ್ಗೆ ವಿಶೇಷ ಗಮನ ಇರ್ಬೇಕು ಅಂತ ಅದರಲ್ಲೇ ಇದೆ. ಕಲೆ, ನಾಟಕ, ಆಟ ಎಲ್ಲಾ ಸೇರಿದ ದಿನ ಅಂದ್ರೆ ಅದು ಕಾನೂನು. ಇನ್ನೊಂದು ಮಾತು, 'ಆಕಾಶವಾಣಿ' ಅನ್ನೋ ಹೆಸರೂ ದೆಹಲಿಯಿಂದ ಬಂದಿದ್ದಲ್ಲ. 1935ರಲ್ಲಿ ಮೈಸೂರಿನ ಮಹಾರಾಜಾ ಕಾಲೇಜಿನ ಪ್ರೊಫೆಸರ್ ಗೋಪಾಲಸ್ವಾಮಿಯವರು ಮನೇಲೇ ಶುರುಮಾಡಿದ ನಿಲಯದ ಹೆಸರು ಅದು. ದೇಶಕ್ಕೆಲ್ಲ ಆ ಹೆಸರು ಬಂದಿದ್ದು ಎಷ್ಟೋ ವರ್ಷದ ಮೇಲೆ.

ಹಳೇ ಧ್ವನಿಮುದ್ರಣವನ್ನೇ ಮತ್ತೆ ಮತ್ತೆ ಹಾಕ್ತಾರೆ, ಬೇಜಾರು ಬರ್ತದೆ ಅಂತ ನಮ್ಮ ಅತ್ತಿಗೆ ಹೇಳ್ತಾರೆ. ನಿಜವೇ. ಆದ್ರೆ ಬೇಜಾರು ಬಂತು ಅಂತ ನಾವು ಯಾರಿಗೆ ಹೇಳಿದ್ವಿ? 1952ರಲ್ಲಿ ಕೇಸ್ಕರ್ ಅನ್ನೋ ಮಂತ್ರಿ ರೇಡಿಯೋದಲ್ಲಿ ಸಿನಿಮಾ ಹಾಡಿಗೆ ಕತ್ತರಿ ಹಾಕಿದ್ರು. ಜನ ಮುಳ್ಳನ್ನ ಸಿಲೋನ್ ಕಡೆ ತಿರುಗಿಸಿದ್ರು. 1957ರ ಅಕ್ಟೋಬರಲ್ಲಿ ಅದೇ ಸರ್ಕಾರ ವಿವಿಧ ಭಾರತಿ ಶುರುಮಾಡ್ಬೇಕಾಯ್ತು. ಕೇಳೋರ ಕಿವಿಗೆ ಅಷ್ಟು ಬೆಲೆ ಇತ್ತು. ಈಗ ನಾವು ಮುಳ್ಳನ್ನೂ ತಿರುಗಿಸಲ್ಲ, ಕಾಗದವನ್ನೂ ಬರೆಯಲ್ಲ, ರೇಡಿಯೋ ಮೇಲೆ ಕ್ರೋಶಾ ಹೊದಿಕೆ ಹಾಕಿ ಇಡ್ತೀವಿ.

ಅಂಚೆ ಕಾರ್ಡಿಗೆ ಈಗಲೂ 50 ಪೈಸೆಯೇ. ಸಂಘದ ಮೀಟಿಂಗಿಗೆ ಬರೋ ಅಕ್ಕ-ತಂಗೀರು, ಅತ್ತಿಗೆಯಂದಿರು ಒಬ್ಬೊಬ್ಬರು ಒಂದೊಂದು ಬರೀರಿ. ಒಟ್ಟಿಗೆ ಒಂದೇ ಒಕ್ಕಣೆ ಬೇಡ, ನಿಮಗೆ ಬೇಕಾದ್ದನ್ನ ನಿಮ್ಮ ಮಾತಲ್ಲೇ ಬರೀರಿ, ನಿಮ್ಮ ಕಣಿವೇಲಿ ಯಾವುದು ಕೇಳ್ತದೆ, ಯಾವುದು ಕೇಳಲ್ಲ ಅನ್ನೋದನ್ನ ಮರೀಬೇಡಿ. ನಂದು ಬರೆದಾಗಿದೆ. ಖೋ ಖೋ ಮೇಲೆ, ನಾಟಕ ಕೆಳಗೆ. ಜಾಗ ಸಾಲದೆ ಅಡಿಕೆ ವಿಷಯ ವಿಳಾಸದ ಪಕ್ಕದಲ್ಲಿ ತೂರಿಸಿದೀನಿ.