ಚಾಪ್ಲಿನ್ನರ ಚಿತ್ರಗಳೂ ನಮ್ಮೂರ ಮಗ್ಗಗಳೂ

ಪತ್ರಿಕೆಯ ಅಗ್ರಲೇಖನದಲ್ಲಿ ಸಿನೇಮದ ಮಾತೇಕೆ ಎಂದು ಕೆಲವರು ಕೇಳಬಹುದು. ನೂಲಿನ ದರ, ಮಗ್ಗದ ಮಜೂರಿ, ಕಬ್ಬಿನ ಬಾಕಿ, ಪೇಟೆಯ ಉದ್ರಿ ಇವೆಲ್ಲ ಕಣ್ಣೆದುರಿಗೆ ಬಿದ್ದಿರುವಾಗ ಅಮೇರಿಕದ ಹಳೆಯ ಚಿತ್ರಗಳ ವಿಚಾರ ನಮಗೇಕೆ? ಪ್ರಶ್ನೆ ನ್ಯಾಯವಾದದ್ದೇ. ನಮ್ಮ ಉತ್ತರ ಇಷ್ಟು: ಯಂತ್ರದ ವೇಗ ಹೆಚ್ಚಿದಾಗ ಲಾಭ ಯಾರಿಗೆ ಹೋಗುತ್ತದೆ, ದಣಿವು ಯಾರ ಪಾಲಿಗೆ ಬರುತ್ತದೆ ಎಂಬ ಪ್ರಶ್ನೆಯನ್ನು ಅಕ್ಷರ ಬಾರದವನಿಗೂ ತಿಳಿಯುವಂತೆ ತೆರೆಯ ಮೇಲೆ ಇಟ್ಟವರು ಚಾರ್ಲಿ ಚಾಪ್ಲಿನ್. ಆ ಪ್ರಶ್ನೆ ರಬಕವಿ-ಬನಹಟ್ಟಿಯ ಓಣಿಗಳಲ್ಲಿ ಇಂದಿಗೂ ಜೀವಂತವಾಗಿದೆ. ಹಾಗಿರುವಾಗ ಅವರ ಚಿತ್ರಗಳನ್ನು ಮಕ್ಕಳ ನಗೆಯಾಟವೆಂದು ಬದಿಗೆ ಸರಿಸಿದರೆ ನಷ್ಟ ನಮಗೇ.

ನಮ್ಮ ಕಡೆಯ ನಾಟಕ ಕಂಪನಿಗಳನ್ನು ಬಲ್ಲವರಿಗೆ ಚಾಪ್ಲಿನ್ನರ ಕೆಲಸದ ರೀತಿ ಹೊಸದಾಗಿ ತೋರದು. ಗದುಗಿನ ಗರುಡ ಸದಾಶಿವರಾಯರು ತಾವೇ ನಾಟಕ ಬರೆದು, ತಾವೇ ಕಲಿಸಿ, ತಾವೇ ಬಣ್ಣ ಹಚ್ಚಿ ರಂಗಕ್ಕೆ ಬರುತ್ತಿದ್ದರು. ಏಣಗಿ ಬಾಳಪ್ಪನವರು ಕಂಪನಿ ಕಟ್ಟಿ, ನಡೆಸಿ, ಅದರಲ್ಲಿಯೇ ಪಾತ್ರ ಮಾಡಿದರು. ಚಾಪ್ಲಿನ್ನರೂ ಹಾಗೆಯೇ. ಕಥೆ ಅವರದು, ನಿರ್ದೇಶನ ಅವರದು, ಮುಖ್ಯ ಪಾತ್ರ ಅವರದು, ಕೊನೆಕೊನೆಗೆ ಸಂಗೀತವೂ ಅವರದೇ. 1919ರಲ್ಲಿ ಮೇರಿ ಪಿಕ್‌ಫರ್ಡ್, ಡಗ್ಲಸ್ ಫೇರ್‌ಬ್ಯಾಂಕ್ಸ್, ಡಿ. ಡಬ್ಲ್ಯು. ಗ್ರಿಫಿತ್ ಇವರೊಡನೆ ಸೇರಿ ಯುನೈಟೆಡ್ ಆರ್ಟಿಸ್ಟ್ಸ್ ಎಂಬ ಸಂಸ್ಥೆಯನ್ನು ಅವರು ಕಟ್ಟಿದರು. ಚಿತ್ರಗಳನ್ನು ಹಂಚುವ ಕೆಲಸ ದೊಡ್ಡ ಕಂಪನಿಗಳ ಕೈಯಲ್ಲಿರಬಾರದು, ಮಾಡಿದವರ ಕೈಯಲ್ಲಿರಬೇಕು ಎಂಬುದು ಅದರ ಉದ್ದೇಶ. ಸ್ವಂತ ಮಗ್ಗದ ನೇಕಾರನಿಗೂ ಸಾಹುಕಾರನ ಮಗ್ಗದಲ್ಲಿ ಮಜೂರಿಗೆ ನೇಯುವವನಿಗೂ ಇರುವ ಅಂತರವನ್ನು ಬಲ್ಲ ನಮ್ಮ ಓದುಗರಿಗೆ ಇದರ ಬೆಲೆಯನ್ನು ಬಿಡಿಸಿ ಹೇಳಬೇಕಾಗಿಲ್ಲ. ಮುಂದೆ ಯಾರ ಮುಖವನ್ನೂ ನೋಡದೆ ಚಿತ್ರ ತೆಗೆಯುವ ಧೈರ್ಯ ಅವರಿಗೆ ಬಂದದ್ದು ಇಲ್ಲಿಂದಲೇ.

ಚಾಪ್ಲಿನ್ನರು 1889ರ ಏಪ್ರಿಲ್ 16ರಂದು ಹುಟ್ಟಿದರು. ಬೆಳೆದದ್ದು ಲಂಡನ್ನಿನ ಬಡವರ ಕೇರಿಗಳಲ್ಲಿ. ತಂದೆತಾಯಿ ಇಬ್ಬರೂ ರಂಗದ ಹಾಡುಗಾರರು. ತಂದೆ ಮನೆ ಬಿಟ್ಟು ಹೋದ. ತಾಯಿಯ ಕೊರಳು ಕೆಟ್ಟಿತು. ಆಕೆ ಹೊಲಿಗೆಯ ಕೂಲಿಯಿಂದ ಇಬ್ಬರು ಹುಡುಗರನ್ನು ಸಾಕಲು ಹೆಣಗಿದಳು. ಕಂತು ಕಟ್ಟಲಾಗದೆ ಆ ಹೊಲಿಗೆಯ ಯಂತ್ರವೂ ಕೈಬಿಟ್ಟು ಹೋಯಿತು. 1896ರಲ್ಲಿ, ಏಳು ವರ್ಷದ ಹುಡುಗನಾಗಿ, ಚಾಪ್ಲಿನ್ನರು ತಾಯಿ ಮತ್ತು ಅಣ್ಣನೊಡನೆ ಲ್ಯಾಂಬೆತ್ತಿನ ಸರಕಾರಿ ಬಡವರ ಮನೆಯನ್ನು ಸೇರಬೇಕಾಯಿತು. ಬಡವಿಯ ಮನೆಯಲ್ಲಿ ಯಂತ್ರವೆಂದರೆ ಏನೆಂಬುದನ್ನು ಅವರು ಪುಸ್ತಕದಿಂದ ಕಲಿಯಲಿಲ್ಲ. ಅದು ಕೈಯಲ್ಲಿದ್ದರೆ ಅನ್ನ, ಕೈತಪ್ಪಿದರೆ ಉಪವಾಸ.

ಹೊಲಿಗೆಯ ಯಂತ್ರದ ಮಾತನ್ನು ಗಾಂಧೀಜಿಯವರೂ ಆಡಿದ್ದುಂಟು. ಎಲ್ಲ ಯಂತ್ರಗಳಿಗೂ ತಾವು ವಿರೋಧಿಗಳೇ ಎಂದು 1924ರಲ್ಲಿ ಒಬ್ಬರು ಕೇಳಿದಾಗ, ಸಿಂಗರ್ ಹೊಲಿಗೆ ಯಂತ್ರದಂಥವಕ್ಕೆ ತಮ್ಮಲ್ಲಿ ಸ್ಥಳವುಂಟು. ತಮ್ಮ ವಿರೋಧ ಯಂತ್ರದ ಹುಚ್ಚಿಗೆ, ಕೆಲವರಲ್ಲಿಯೇ ಸಂಪತ್ತು ಗುಡ್ಡೆಯಾಗುವುದಕ್ಕೆ ಎಂದು ಅವರು ಹೇಳಿದರು. ಏಳು ವರ್ಷಗಳ ತರುವಾಯ, 1931ರ ಸೆಪ್ಟೆಂಬರ್ 22ರಂದು, ದುಂಡುಮೇಜಿನ ಪರಿಷತ್ತಿಗೆಂದು ಲಂಡನ್ನಿಗೆ ಹೋಗಿದ್ದ ಗಾಂಧೀಜಿಯವರನ್ನು ಚಾಪ್ಲಿನ್ನರು ಕಂಡರು. ಸೇರಿದ್ದು ಅರಮನೆಯಲ್ಲಲ್ಲ, ದುಡಿಯುವ ಜನರ ಕ್ಯಾನಿಂಗ್ ಟೌನ್ ಎಂಬ ಕೇರಿಯಲ್ಲಿ, ಭಾರತೀಯ ವೈದ್ಯರೊಬ್ಬರ ಮನೆಯಲ್ಲಿ. ಯಂತ್ರ ಸರಿಯಾದ ಕೈಯಲ್ಲಿದ್ದರೆ ಮನುಷ್ಯನ ದುಡಿಮೆಯ ಹೊತ್ತು ಕಡಿಮೆಯಾಗಿ ಅವನಿಗೆ ಬಿಡುವು ಸಿಕ್ಕದೇ ಎಂದು ಚಾಪ್ಲಿನ್ನರು ಕೇಳಿದರು. ಮೊದಲು ಪರರ ಆಳ್ವಿಕೆ ಹೋಗಬೇಕು, ನಮ್ಮನ್ನು ಇಂಗ್ಲೆಂಡಿಗೆ ಕಟ್ಟಿಹಾಕಿದ್ದೇ ಯಂತ್ರ, ಆದುದರಿಂದ ನಮ್ಮ ನೂಲು ನಾವು ತೆಗೆದು ನಮ್ಮ ಬಟ್ಟೆ ನಾವು ನೇಯಬೇಕು ಎಂಬುದು ಗಾಂಧೀಜಿಯವರ ಉತ್ತರ. ಅದಾದ ನಾಲ್ಕೇ ದಿನಕ್ಕೆ ಗಾಂಧೀಜಿಯವರು ಲ್ಯಾಂಕಾಶೈರಿನಲ್ಲಿದ್ದರು. ವಿದೇಶಿ ಬಟ್ಟೆಯ ಬಹಿಷ್ಕಾರದ ಪೆಟ್ಟು ತಿಂದು ಕೆಲಸ ಕಳೆದುಕೊಂಡಿದ್ದ ಅಲ್ಲಿಯ ಗಿರಣಿ ಕಾಮಗಾರರು ಅವರನ್ನು ಪ್ರೀತಿಯಿಂದಲೇ ಬರಮಾಡಿಕೊಂಡರು. ಎರಡು ದೇಶಗಳ ದುಡಿಯುವವರಿಗೆ ತಮ್ಮ ಶತ್ರು ಒಬ್ಬರಿಗೊಬ್ಬರಲ್ಲವೆಂಬುದು ತಿಳಿದಿತ್ತು.

ಈ ಚರ್ಚೆಯ ಐದು ವರ್ಷಗಳೊಳಗೆ, 1936ರ ಫೆಬ್ರವರಿಯಲ್ಲಿ, ‘ಮಾಡರ್ನ್ ಟೈಮ್ಸ್’ ತೆರೆಗೆ ಬಂತು. ಡೆಟ್ರಾಯಿಟಿನ ಕಾರ್ಖಾನೆಗಳಲ್ಲಿ ಓಡುವ ಪಟ್ಟಿಯ ಮುಂದೆ ನಿಂತ ಹಳ್ಳಿಯ ಗಟ್ಟಿಮುಟ್ಟು ಹುಡುಗರು ನಾಲ್ಕೈದು ವರ್ಷಗಳಲ್ಲಿ ನರ ಕೆಟ್ಟು ಹೋಗುತ್ತಾರೆಂದು ಕೇಳಿದ್ದೇ ಆ ಚಿತ್ರದ ಬೀಜ. ಚಿತ್ರದಲ್ಲಿ ಒಬ್ಬ ಕಾಮಗಾರ ದಿನವಿಡೀ ನಟ್ಟು ಬಿಗಿಯುತ್ತಾನೆ. ಪಟ್ಟಿ ನಿಂತರೂ ಅವನ ಕೈ ನಿಲ್ಲದು. ಮಾಲೀಕ ತನ್ನ ಕೋಣೆಯಲ್ಲಿ ಕುಳಿತೇ ದೊಡ್ಡ ತೆರೆಯಲ್ಲಿ ಮೂಡಿ, ಬೀಡಿಗೆಂದು ಬದಿಗೆ ಸರಿದವನನ್ನೂ ಗದರಿಸುತ್ತಾನೆ. ಊಟದ ಹೊತ್ತನ್ನೂ ಉಳಿಸಲು ಕಾಮಗಾರನ ಬಾಯಿಗೆ ಅನ್ನ ತುರುಕುವ ಯಂತ್ರ ಬರುತ್ತದೆ. ಕೆಲಸ ಹೋದ ಮೇಲೆ, ಲಾರಿಯಿಂದ ಬಿದ್ದ ಬಾವುಟವನ್ನು ಹಿಂದಿರುಗಿಸಲೆಂದು ಎತ್ತಿ ಹಿಡಿದದ್ದೇ ತಡ, ಪೋಲೀಸರು ಅವನನ್ನೇ ಮೆರವಣಿಗೆಯ ಮುಖಂಡನೆಂದು ಹಿಡಿದೊಯ್ಯುತ್ತಾರೆ. ನೋಡಿದವರು ಹೊಟ್ಟೆ ಹಿಡಿದು ನಗುತ್ತಾರೆ. ನಕ್ಕು ಮುಗಿದ ಮೇಲೆ, ಇದು ನನ್ನ ಕಥೆಯೇ ಅಲ್ಲವೇ ಎಂದು ಗಿರಣಿಯವನಿಗೆ ಅನಿಸದಿರದು.

ರಬಕವಿ-ಬನಹಟ್ಟಿ ಈ ಕಥೆಯನ್ನು ಬೇರೆ ರೀತಿಯಲ್ಲಿ ಕಂಡಿದೆ. ಕೈಮಗ್ಗದ ಸೀರೆಯಿಂದ ಹೆಸರಾದ ಊರಿಗೆ ವಿದ್ಯುತ್ ಮಗ್ಗ ಬಂತು. ಕೈಯ ಲಾಳಿ ಓಡುತ್ತಿದ್ದಲ್ಲಿ ಮೋಟಾರಿನ ಲಾಳಿ ಓಡಿತು. ಹೊಲಿಗೆ, ನೇಯ್ಗೆ, ಮನೆ, ಅಂಗಡಿ ಎಲ್ಲದರ ಲೆಕ್ಕವೂ ಬದಲಾಯಿತು. ಕೆಲವು ಜಾತಿಯ ಬಟ್ಟೆಗಳನ್ನು ಕೈಮಗ್ಗಕ್ಕೇ ಮೀಸಲಿಡುವ ಕಾಯಿದೆಯನ್ನು ಸಂಸತ್ತು 1985ರಲ್ಲಿ ಮಾಡಿತು. ಕಾಯಿದೆ ಕಾಗದದ ಮೇಲಿದೆ. ಕೈಮಗ್ಗದ ಸದ್ದು ಓಣಿಓಣಿಯಲ್ಲಿ ಇಳಿಯುತ್ತ ಬಂದಿದೆ. ಇದಕ್ಕಾಗಿ ಮೋಟಾರನ್ನು ಬಯ್ದರೆ ಫಲವಿಲ್ಲ. ಒಂದು ಸೀರೆಯ ಹೊತ್ತಿನಲ್ಲಿ ಹಲವು ಸೀರೆ ಇಳಿಯುವಾಗ, ಉಳಿದ ಆ ಹೊತ್ತು ಯಾರದಾಯಿತು? ನೇಕಾರನ ಮಗಳು ಕಂಡಿಕೆ ಸುತ್ತುವುದನ್ನು ಬಿಟ್ಟು ಶಾಲೆಗೆ ಹೋದಳೇ? ಅವನು ಒಂದು ಪಾಳಿಯಲ್ಲಿ ಮನೆ ಸೇರಿದನೇ? ಅಥವಾ ಒಬ್ಬನೇ ಎರಡರ ಬದಲು ನಾಲ್ಕು ಮಗ್ಗಗಳ ನಡುವೆ ಓಡಾಡುವಂತಾಯಿತೇ? ಲಂಡನ್ನಿನಲ್ಲಿ ಚಾಪ್ಲಿನ್ನರು ಕೇಳಿದ ಪ್ರಶ್ನೆಗೆ ಗಾಂಧೀಜಿಯವರು ಹೇಳಿದ ಮೊದಲ ಶರತ್ತು 1947ರಲ್ಲಿ ಈಡೇರಿತು. ಉಳಿದ ಅರ್ಧ ಉತ್ತರವನ್ನು ನಾವು ಕೊಡಬೇಕಾಗಿದೆ.

1940ರ ಅಕ್ಟೋಬರಿನಲ್ಲಿ ‘ದಿ ಗ್ರೇಟ್ ಡಿಕ್ಟೇಟರ್’ ಬಂತು. ಆಗ ಅಮೇರಿಕ ಇನ್ನೂ ಯುದ್ಧಕ್ಕಿಳಿದಿರಲಿಲ್ಲ; ಹಿಟ್ಲರನ ಜೊತೆ ವ್ಯಾಪಾರ ಕೆಡಬಾರದೆಂಬ ಶ್ರೀಮಂತರು ಅಲ್ಲಿ ಕಡಿಮೆ ಇರಲಿಲ್ಲ. ಒಂದೇ ಮೀಸೆಯ ಇಬ್ಬರನ್ನು, ಸರ್ವಾಧಿಕಾರಿಯನ್ನೂ ಯಹೂದಿ ಕ್ಷೌರಿಕನನ್ನೂ, ಚಾಪ್ಲಿನ್ನರೇ ಆಡಿದರು. ಭೂಗೋಳದ ಬಲೂನನ್ನು ಕೈಯಲ್ಲಿ ಹಿಡಿದು ಕುಣಿಯುವ ಸರ್ವಾಧಿಕಾರಿಯನ್ನು ಕಂಡ ಜನಕ್ಕೆ ಅವನ ಭಯ ಅರ್ಧ ಇಳಿಯಿತು. ಜನಾಂಗದ ಹೆಸರಿನಲ್ಲಿ ಜನರನ್ನು ಒಡೆಯುವವನ ಮೊದಲ ಬಲಿ ಓಣಿಯ ಸಣ್ಣ ಕಸಬಿನವನು ಎಂಬುದನ್ನು ಈ ಚಿತ್ರ ಮರೆಯಗೊಡುವುದಿಲ್ಲ.

1947ರ ಏಪ್ರಿಲಿನಲ್ಲಿ ಬಂದ ‘ಮಾನ್ಸ್ಯೂರ್ ವರ್ಡೂ’ ಪೇಟೆಯವರು ನೋಡಬೇಕಾದ ಚಿತ್ರ. ಇದರ ಮೂಲ ಕಲ್ಪನೆ ಇನ್ನೊಬ್ಬ ನಟ-ನಿರ್ದೇಶಕ ಆರ್ಸನ್ ವೆಲ್ಸ್ ಅವರದು. ಮೂವತ್ತಕ್ಕೂ ಹೆಚ್ಚು ವರ್ಷ ಪ್ರಾಮಾಣಿಕನಾಗಿ ಬ್ಯಾಂಕಿನಲ್ಲಿ ದುಡಿದ ಗುಮಾಸ್ತನೊಬ್ಬನನ್ನು ಆರ್ಥಿಕ ಕುಸಿತದ ಕಾಲದಲ್ಲಿ ಹೊರಹಾಕುತ್ತಾರೆ. ಮನೆಯಲ್ಲಿ ನಡೆಯಲಾರದ ಹೆಂಡತಿ, ಚಿಕ್ಕ ಮಗ. ಅವನು ಹಣವುಳ್ಳ ಹೆಂಗಸರನ್ನು ಮದುವೆಯಾಗಿ ಕೊಲ್ಲುವುದನ್ನೇ ವ್ಯಾಪಾರ ಮಾಡಿಕೊಳ್ಳುತ್ತಾನೆ. ಲೆಕ್ಕ ಇಡುತ್ತಾನೆ, ಪೇಟೆಯ ದರ ನೋಡುತ್ತಾನೆ. ಕೊನೆಗೆ ನ್ಯಾಯಾಲಯದಲ್ಲಿ, ಆಯುಧ ಮಾಡಿ ಲಕ್ಷಗಟ್ಟಲೆ ಜನರನ್ನು ಕೊಲ್ಲುವವರ ಮುಂದೆ ನಾನು ಇನ್ನೂ ಹೊಸಬನೆಂಬ ಅರ್ಥದ ಮಾತಾಡಿ ಸಾವಿಗೆ ಹೋಗುತ್ತಾನೆ. ಚಾಪ್ಲಿನ್ನರು ಕೊಲೆಗಾರನನ್ನು ಹೊಗಳಲಿಲ್ಲ. ಲಾಭವೊಂದೇ ಧರ್ಮವೆಂದ ವ್ಯವಸ್ಥೆಯ ಲೆಕ್ಕದ ಪುಸ್ತಕವನ್ನು ಕೊನೆಯ ಪುಟದವರೆಗೆ ಓದಿ ತೋರಿಸಿದರು. ಅಮೇರಿಕದ ಪತ್ರಕರ್ತರು ಚಿತ್ರದ ಮಾತು ಬಿಟ್ಟು, ನೀವು ಕಮ್ಯುನಿಸ್ಟರೇ ಎಂದು ಕೇಳಿದರು.

ಅವರು ಯಾವ ಪಕ್ಷದ ಸದಸ್ಯರೂ ಆಗಿರಲಿಲ್ಲ; ಬಹಳ ಶ್ರೀಮಂತರೇ ಆಗಿದ್ದರು. ಇದನ್ನು ಮುಚ್ಚಿಡುವುದು ನಮಗೆ ಬೇಕಿಲ್ಲ. ಆದರೆ 1942ರಲ್ಲಿ ಹಿಟ್ಲರನ ವಿರುದ್ಧ ರಷ್ಯಕ್ಕೆ ನೆರವಾಗಲು ಎರಡನೆಯ ರಣರಂಗ ತೆರೆಯಿರಿ ಎಂದು ಸಭೆಗಳಲ್ಲಿ ಮಾತಾಡಿದ್ದು, ಸುಮಾರು ನಾಲ್ವತ್ತು ವರ್ಷ ಅಲ್ಲಿದ್ದೂ ಅಮೇರಿಕದ ಪ್ರಜೆಯಾಗದೆ ಉಳಿದದ್ದು, ಅಧಿಕಾರದವರಿಗೆ ಸಾಕಾಗಿತ್ತು. 1952ರ ಸೆಪ್ಟೆಂಬರಿನಲ್ಲಿ ‘ಲೈಮ್‌ಲೈಟ್’ ಚಿತ್ರದ ಮೊದಲ ಪ್ರದರ್ಶನಕ್ಕೆಂದು ಅವರು ಹೆಂಡತಿ ಮಕ್ಕಳೊಡನೆ ಲಂಡನ್ನಿಗೆ ಹಡಗು ಹತ್ತಿದರು. ಹಡಗು ನಡುಗಡಲಿನಲ್ಲಿರುವಾಗಲೇ, 19ರಂದು, ಅಟಾರ್ನಿ ಜನರಲ್ ಜೇಮ್ಸ್ ಮೆಕ್‌ಗ್ರೆನರಿ ಅವರ ಮರುಪ್ರವೇಶದ ಪರವಾನಗಿಯನ್ನು ರದ್ದುಗೊಳಿಸಿದರು. ಎದುರಿಗೆ ಹೇಳುವ ಧೈರ್ಯ ಸರಕಾರಕ್ಕೆ ಇರಲಿಲ್ಲವೆನ್ನಬೇಕು. ಮರುವರ್ಷ ಚಾಪ್ಲಿನ್ನರು ಆ ಪರವಾನಗಿಯನ್ನು ತಾವೇ ಹಿಂದಿರುಗಿಸಿ ಸ್ವಿಜರ್ಲೆಂಡಿನಲ್ಲಿ ನೆಲೆಸಿದರು.

‘ಲೈಮ್‌ಲೈಟ್’ ಜನ ಮರೆತ ಮುದಿ ವಿದೂಷಕನ ಕಥೆ; ಬದುಕಿನ ಆಸೆ ಬಿಟ್ಟ ಎಳೆಯ ನರ್ತಕಿಯನ್ನು ಅವನು ಮತ್ತೆ ಕಾಲ ಮೇಲೆ ನಿಲ್ಲಿಸುತ್ತಾನೆ. ಇಂಥ ಚಿತ್ರವನ್ನೂ ಅಮೇರಿಕದ ಹಲವು ಚಿತ್ರಮಂದಿರಗಳು ಬೆದರಿಕೆಗೆ ಅಂಜಿ ಇಳಿಸಿಬಿಟ್ಟವು. ಲಾಸ್ ಏಂಜಲಿಸಿನಲ್ಲಿ ಅದು ಸರಿಯಾಗಿ ತೆರೆ ಕಂಡದ್ದು 1972ರಲ್ಲಿ. ಆ ವರ್ಷವೇ ಅಮೇರಿಕ ಚಾಪ್ಲಿನ್ನರನ್ನು ಕರೆದು ಗೌರವದ ಆಸ್ಕರ್ ಕೊಟ್ಟಿತು. ಮರುವರ್ಷ ‘ಲೈಮ್‌ಲೈಟ್’ ಸಂಗೀತಕ್ಕೂ ಆಸ್ಕರ್ ಬಂತು, ಚಿತ್ರ ತಯಾರಾಗಿ ಇಪ್ಪತ್ತು ವರ್ಷ ಕಳೆದ ಮೇಲೆ. 1977ರ ಡಿಸೆಂಬರ್ 25ರಂದು ಅವರು ತೀರಿಕೊಂಡರು.

ಅಮೇರಿಕದ ಈ ಸಣ್ಣತನಕ್ಕೆ ನಗುವ ಹಕ್ಕು ನಮಗಿದೆಯೇ? 2009ರಲ್ಲಿ ನಮ್ಮ ನಾಡಿನಲ್ಲಿಯೇ ಏನಾಯಿತೆಂಬುದನ್ನು ನೆನೆಯಬೇಕು. ಉಡುಪಿ ಜಿಲ್ಲೆಯ ಬೈಂದೂರಿನ ಬಳಿ, ಒತ್ತಿನೆಣೆಯ ಕಡಲ ತೀರದಲ್ಲಿ, ಕನ್ನಡ ಚಿತ್ರ ನಿರ್ದೇಶಕ ಹೇಮಂತ್ ಹೆಗಡೆಯವರು 67 ಅಡಿ ಎತ್ತರದ ಚಾಪ್ಲಿನ್ ಪ್ರತಿಮೆಯೊಂದನ್ನು ನಿಲ್ಲಿಸಲು ಹೊರಟಿದ್ದರು. ಚಾಪ್ಲಿನ್ ಕ್ರೈಸ್ತ, ದೇವಸ್ಥಾನದ ಸಮೀಪ ಅವನ ಪ್ರತಿಮೆ ಕೂಡದೆಂದು ವಿರೋಧ ಎದ್ದಿತು. ಅಲ್ಲಿಯ ಕೆಲಸ ನಿಂತಿತು. ಹಸಿದವನ ಪರವಾಗಿ ಪ್ರಪಂಚವನ್ನೆಲ್ಲ ನಗಿಸಿದವನ ಜಾತಿ ಧರ್ಮ ಕೇಳಿದ್ದು ವಚನಕಾರರ ನಾಡಿಗೆ ಶೋಭೆಯಲ್ಲ. ಒಂದು ಕಡೆ ಕೆಂಪು ಬಣ್ಣ ಹಚ್ಚಿ ಅಟ್ಟಿದರು, ಇನ್ನೊಂದು ಕಡೆ ಶಿಲುಬೆ ಹೊರಿಸಿ ತಡೆದರು. ಎರಡು ಕಡೆಯೂ ಚಿತ್ರದಲ್ಲಿ ಏನಿದೆ ಎಂಬುದನ್ನು ಯಾರೂ ಮಾತಾಡಲಿಲ್ಲ.

ಆದುದರಿಂದ ನಮ್ಮ ಸೂಚನೆ ಪ್ರತಿಮೆಯದಲ್ಲ, ಚಿತ್ರಗಳದು. ಏಪ್ರಿಲ್ 16 ಚಾಪ್ಲಿನ್ನರ ಜನ್ಮದಿನ. ಮೇ 1 ಕಾರ್ಮಿಕರ ದಿನ. ನಡುವೆ ಹದಿನೈದು ದಿನ. ನಾಲ್ಕು ಚಿತ್ರ, ನಾಲ್ಕು ಊರು. ರಬಕವಿ-ಬನಹಟ್ಟಿಯ ನೇಕಾರರು ‘ಮಾಡರ್ನ್ ಟೈಮ್ಸ್’ ನೋಡಲಿ. ಜಮಖಂಡಿಯ ಪೇಟೆಯವರು ‘ಮಾನ್ಸ್ಯೂರ್ ವರ್ಡೂ’ ನೋಡಲಿ. ದೊಡ್ಡ ಬಂಡವಾಳದ ಮುಂದೆ ಸಣ್ಣ ಅಂಗಡಿಯ ಗತಿ ಏನೆಂಬುದು ಅವರಿಗೆ ಗೊತ್ತು. ಆಯುಧ ಒಪ್ಪಿಸಲಾರೆವೆಂದು 1857ರಲ್ಲಿ ಸೆಟೆದು ನಿಂತ ಹಲಗಲಿಯ ಬೇಡರ ಸೀಮೆಯಾದ ಮುಧೋಳದಲ್ಲಿ ‘ದಿ ಗ್ರೇಟ್ ಡಿಕ್ಟೇಟರ್’ ನಡೆಯಲಿ. 1943ರ ‘ಕಿಸ್ಮತ್’ ಚಿತ್ರದಲ್ಲಿ ಹಾಡಿ ದೇಶದ ಮನೆಮಾತಾದ ಅಮೀರಬಾಯಿ ಕರ್ನಾಟಕಿಯವರ ಬೀಳಗಿಯಲ್ಲಿ ‘ಲೈಮ್‌ಲೈಟ್’ ಇರಲಿ. ಆಲಮಟ್ಟಿಯ ಹಿನ್ನೀರಿಗೆ ಮನೆಮಾರು ಬಿಟ್ಟುಕೊಟ್ಟ ಆ ತಾಲೂಕಿನ ಜನಕ್ಕೆ ನೆಲೆ ತಪ್ಪಿದವನ ನೋವು ಬೇರೆಯವರು ಹೇಳಿಕೊಡಬೇಕಾಗಿಲ್ಲ.

ಖರ್ಚು ದೊಡ್ಡದಲ್ಲ. ಶಾಲೆಯ ಅಂಗಳವೋ ಸಂಘದ ಕಟ್ಟೆಯೋ ಸಾಕು. ತೆರೆಗೆ ಬೇಕಾದ ಬಿಳಿಯ ಬಟ್ಟೆ ನಮ್ಮ ಮಗ್ಗದಲ್ಲೇ ಇದೆ. ‘ಮಾಡರ್ನ್ ಟೈಮ್ಸ್’ ಚಿತ್ರಕ್ಕೆ ಭಾಷೆಯ ತೊಡಕು ಹೆಚ್ಚಿಲ್ಲ. ಮಾತು ಹೆಚ್ಚಿರುವ ಉಳಿದ ಮೂರಕ್ಕೆ ಊರಿನ ಮಾಸ್ತರರೊಬ್ಬರು ಪಕ್ಕದಲ್ಲಿ ನಿಂತು ಕನ್ನಡದಲ್ಲಿ ಕಥೆ ಹೇಳಿದರಾಯಿತು. ಹೆಂಗಸರಿಗೆ ಮುಂದಿನ ಸಾಲು ಇರಲಿ. ಕಂಡಿಕೆ ಸುತ್ತುವವರೂ ಅವರೇ, ಲೆಕ್ಕದಲ್ಲಿ ಬಿಟ್ಟುಹೋಗುವವರೂ ಅವರೇ. ಚಿತ್ರ ಮುಗಿದ ಮೇಲೆ ಯಾರೂ ಏಳದೆ ಅರ್ಧ ತಾಸು ಕುಳಿತು ಒಂದೇ ವಿಷಯ ಮಾತಾಡಲಿ: ನಮ್ಮ ಊರಿನಲ್ಲಿ ಯಂತ್ರ ಉಳಿಸಿದ ಹೊತ್ತು ಎಲ್ಲಿ ಹೋಯಿತು? ಆ ಮಾತು ಮುಂದಿನ ಮಜೂರಿ ಒಪ್ಪಂದದ ಮೇಜಿನವರೆಗೆ ಹೋಗಬೇಕು. ಸಂಘಗಳ ಕಾರ್ಯಕರ್ತರೂ ಪೇಟೆಯ ಹಿರಿಯರೂ ಈಗಲೇ ಸೇರಿ ದಿನ ಗೊತ್ತುಮಾಡಬೇಕೆಂದು ನಾವು ಕೇಳಿಕೊಳ್ಳುತ್ತೇವೆ.